ಒಂದು ತೂತಿನಷ್ಟು

ತೊಂಬತ್ತೆರಡರದು ಒಂದು, ತೊಂಬತ್ತಾರರದು ಇನ್ನೊಂದು.
ಎರಡನ್ನೂ ಲಗೇಜ್ ಆಟೋದಲ್ಲಿ ಹೇರಿಕೊಂಡು
ಮಂಡಕ್ಕಿ ಭಟ್ಟಿಯ ಹೊಗೆ ದಾಟಿ ನಮ್ಮ ಶೆಡ್ಡಿಗೆ ಬಂದರು
ಜಗಳೂರಿನ ದನದ ಡಾಕ್ಟರು ಪಾಲಾಕ್ಷಪ್ಪ.

"ಒಂದೇ ಕಂಪನಿ, ಒಂದೇ ಹೆಸರು, ಟಾಂಕಿ ಸೈತ ಒಂದೇ.
ಹಳೇದರ ಹೊಟ್ಟೆ ಒಡೆದೈತಿ ಮೊಳಕಾಲ್ಮುರಿನ ಕಲ್ಲಿಗೆ,
ಇದರ ಬೆನ್ನು ಮುರಿದೈತಿ, ಹರಾಜಿನಾಗ ಹಿಡಿದೆ.
ಎರಡರಾಗ ಒಂದು ಮಾಡಿಕೊಡ್ರಿ ಹಯಾತ್ ಸಾಬ್ರ,
ಸಂಕ್ರಾಂತಿಗೆ ಕಛ್‌ನ ಉಪ್ಪು ನೋಡಬೇಕು."

ಸಾಬ್ರು ಹ್ಞೂಂ ಅನ್ನಲಿಲ್ಲ.
ಸೀಮೆಎಣ್ಣೆಯ ಬಟ್ಟೆ ನನ್ನ ಕಡೆ ಎಸೆದರು.
"ಟಾಂಕಿ ಸುಳ್ಳು ಹೇಳ್ತೈತಿ ಕೊಟ್ರಿ, ಸೀಟೂ ಹೇಳ್ತೈತಿ.
ಎಡಗಾಲಿನ ಹತ್ರ ಕೆತ್ತಿದ ನಂಬರು ಒರೆಸು,
ಮೂರನೇ ಅಕ್ಷರ ಓದು."

ಒಂದರಲ್ಲಿ ಎನ್. ಇನ್ನೊಂದರಲ್ಲಿ ಟಿ.
ಡಾಕ್ಟರ ಮುಖ ಸಣ್ಣದಾಯಿತು.

ಬಿಚ್ಚಿದೆವು. ಕ್ಲಚ್ ಪ್ಲೇಟು ಹೊಂದಿತು. ಪಿಸ್ಟನ್ನಿನ ಪಿನ್ನೂ.
ಸ್ಟಾರ್ಟರಿನ ಗೇರಿಗೆ ಹಲ್ಲು ಅಷ್ಟೇ, ಹಲ್ಲಿನ ಓರೆ ಬೇರೆ.
ಡಾಕ್ಟರು ಕುಕ್ಕರಗಾಲಲ್ಲಿ ಕೂತು ನೋಡಿದರು:
"ದನದ ವಯಸ್ಸೂ ಹಿಂಗೇ. ಬರೇ ಎಣಿಸಿದರ ಆಗಂಗಿಲ್ಲ,
ಸವೆದದ್ದು ನೋಡಬೇಕು."
ಅವತ್ತಿನಿಂದ ಸಾಬ್ರು ಅವರಿಗೂ ಚಾ ತರಿಸತೊಡಗಿದರು.

ಹೊಸದರ ಹೊಟ್ಟೆ ಇಡಿಯಾಗಿ ಹಳೇ ಚೌಕಟ್ಟಿಗೆ.
"ಎರಡು ಹೋಳು ಅಗಲಿಸಿ ಬೇರೇದಕ್ಕೆ ಕಟ್ಟಬ್ಯಾಡ,
ಕೂಡಿಸಿಟ್ಟೇ ಕೊರೆದಾರ ಅವನ್ನ."
ಅದರ ಹೆಡ್ಡು ಸುಟ್ಟಿತ್ತು. ಹಳೇದರ ಹೆಡ್ಡು ಚಿನ್ನ.
ಬೋಲ್ಟಿಗೆ ಬೋಲ್ಟು ಕೂತಿತು, ಕೈ ಬಿಟ್ಟರೂ ಅಲುಗಲಿಲ್ಲ.
ನಾನು ನಕ್ಕೆ. ಸಾಬ್ರು ನಗಲಿಲ್ಲ.
"ಕಾಗದ ತಾ."

ಸೊಸೈಟಿಯ ಹಳೇ ಕ್ಯಾಲೆಂಡರು, ಶ್ರಾವಣ ಮತ್ತು ಭಾದ್ರಪದ.
ಗ್ರೀಸಿನ ಹೆಬ್ಬೆರಳಲ್ಲಿ ಅಂಚು ಒತ್ತಿ ಒತ್ತಿ
ಒಂದರ ಮೇಲೆ ತೊಂಬತ್ತೆರಡರ ಮುಖ ತೆಗೆದೆ,
ಇನ್ನೊಂದರ ಮೇಲೆ ತೊಂಬತ್ತಾರರದು.
ತೂತು ಕತ್ತರಿಸಿ, ಒಂದರ ಮೇಲೊಂದಿಟ್ಟು
ಬಾಗಿಲ ಬಿಸಿಲಿಗೆ ಹಿಡಿದೆ.

ಹನ್ನೊಂದು ತೂತು.
ಹತ್ತು ಬೆಳಗಿದವು.

"ಎಣ್ಣೆಯ ದಾರಿ ಅದು," ಅಂದರು ಸಾಬ್ರು
ನೋಡದೆ, ಪೊರೆ ಬಂದ ಕಣ್ಣು ಬೀದಿಯ ಕಡೆ ಇಟ್ಟುಕೊಂಡೇ.
"ಹಂಗೇ ಓಡಿಸಿದ್ರ ಹಿರಿಯೂರು ಮುಟ್ಟಾದ್ರಾಗ ಕ್ಯಾಮು ಬೆಂದು ಹೋಗ್ತಿತ್ತು."

ಮೂರೂವರೆ ಮಿಲಿಮೀಟರು.
ಎಲ್ಲೋ ಒಬ್ಬ, ಒಂದು ಮಧ್ಯಾಹ್ನ, ನಕ್ಷೆಯಲ್ಲಿ
ಒಂದು ಚುಕ್ಕೆ ಸರಿಸಿರಬೇಕು. ಯಾಕೆ ಅಂತ ಬರೆದಿಡಲಿಲ್ಲ.
ಊಟಕ್ಕೆ ಎದ್ದು ಹೋಗಿರಬೇಕು.
ನಾಲ್ಕು ವರ್ಷವೆಂದರೆ ನಮಗೆ ಸಿಕ್ಕದ್ದು
ಅವನು ಸರಿಸಿದ ಅಷ್ಟು ಕತ್ತಲು.

ಕರೂರಿನ ಲೇಥಿನವನು ಒಲ್ಲೆ ಅಂದ.
ನಾನೇ ಕೂತೆ. ಹಳೇ ತೂತಿನಿಂದ ಹೊಸ ತೂತಿಗೆ
ಉಗುರಿನಷ್ಟು ಕಾಲುವೆ,
ಭದ್ರಾ ನಾಲೆಯ ಕೊನೇ ಗದ್ದೆಗೆ ನೀರು ತಿರುಗಿಸುವ ಹಾಗೆ.
ಒಂದು ಉಜ್ಜು ಹೆಚ್ಚಾದರೆ ಬೋಲ್ಟಿನ ಗೋಡೆ ಒಡೆಯುತ್ತದೆ.
ಈ ಕೆಲಸಕ್ಕೆ ಬಂದು ನನಗೆ ಹದಿನಾಲ್ಕೇ ತಿಂಗಳು.
ಸಾಬ್ರು ಬೆರಳು ಆಡಿಸಿ, ಸುಮ್ಮನಿದ್ದು, ಮತ್ತೆ ಆಡಿಸಿ
"ಇನ್ನ ಮುಟ್ಟಬ್ಯಾಡ" ಅಂದರು.
ಅದು ಬೈಗುಳವೋ ಹೊಗಳಿಕೆಯೋ ಈಗಲೂ ಗೊತ್ತಿಲ್ಲ.

ಮುಚ್ಚುವ ಮುಂಚೆ ಹೆಡ್ಡಿನ ಒಳಗೆ
ಪಂಚಿನಿಂದ ಮೂರು ಚುಕ್ಕೆ ಹೊಡೆಸಿದರು.
"ಮುಂದ ಯಾವನರ ಬಿಚ್ಚಿದ್ರ
ಇಲ್ಲೇನೋ ಮಾಡ್ಯಾರ ಅಂತ ನಿಂತು ನೋಡಲಿ."

ಜನವರಿಯಲ್ಲಿ ಫೋನು ಬಂತು.
ಉಪ್ಪಿನ ಮೇಲೆ ನಿಂತಿದ್ದಾರಂತೆ ಡಾಕ್ಟರು, ಎಣ್ಣೆ ಸೋರಿಲ್ಲವಂತೆ,
ಮೂರನೇ ಗೇರಿನಲ್ಲಿ ಮಾತ್ರ ಸಣ್ಣ ಶಿಳ್ಳೆ.

ಸಾಬ್ರು ಬೀಡಿ ಕೆಳಗಿಟ್ಟರು.
"ಯಾವ ವರ್ಷದ್ದು ಅಂತ ಕೇಳು."

ಅವರು ಗಾಡಿಯ ಹತ್ತಿರ ಫೋನು ಹಿಡಿದರು.
ನಾನು ಕಿವಿ ಒತ್ತಿ ಕೇಳಿದೆ:
ಗಾಳಿ, ಯಾರೋ ಗುಜರಾತಿಯಲ್ಲಿ ಕೂಗಿದ್ದು,
ಮತ್ತೆ ಗಾಳಿ.